ಹೆಸರಿಲ್ಲದ ಡಬ್ಬಿ

ದೀಪಾವಳಿ ಮುಗಿದ ಮೇಲೆ ಶೀಲಾ ಮನೆಯವರ ಜೊತೆ ಕುಳಿತು ಉಣ್ಣುವುದನ್ನು ಬಿಟ್ಟಳು. ತಾಟಿಗೆ ರೊಟ್ಟಿ, ಪಲ್ಯ ಹಾಕಿಕೊಂಡು ಹಿತ್ತಲ ಕಟ್ಟೆಗೆ ಹೋಗಿ, ಬೆನ್ನು ತಿರುಗಿಸಿ ಕುಳಿತು ಉಣ್ಣುತ್ತಿದ್ದಳು. ಬ್ಯಾಡಗಿಯ ಆ ಮನೆಯಲ್ಲಿ ಇದ್ದದ್ದು ಒಂದು ಪಡಸಾಲೆ, ಒಂದು ಅಡುಗೆಮನೆ. ಯಾರು ಬೆನ್ನು ತಿರುಗಿಸಿದರೂ ಎಲ್ಲರಿಗೂ ಕಾಣುತ್ತಿತ್ತು.

"ಅಲ್ಲ್ಯಾಕ ಕುಂತಿ? ಒಳಗ ಬಾ," ಅಂದ ತಂದೆ ಕಲ್ಲೇಶ.

"ನನಗ ಇಲ್ಲೇ ಬೇಷ್ ಐತಿ."

"ಮಾರಿ ತೋರ್ಸಾಕ ನಾಚಿಕಿ ಅಕೀಗೆ," ಅಂದಳು ಅಜ್ಜಿ ಭರಮವ್ವ. "ಗುಳ್ಳಿ ಮತ್ತ ಎದ್ದಾವ."

ಶೀಲಾಳಿಗೆ ಹದಿನಾರು ತುಂಬಿತ್ತು. ಊರಿನ ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷ. ಬೇಸಿಗೆಯಲ್ಲಿ ಹಣೆಯ ಮೇಲೆ ಸಾಸಿವೆಯಷ್ಟು ಎದ್ದಿದ್ದ ಮೊಡವೆಗಳು ಮಳೆಗಾಲದ ಹೊತ್ತಿಗೆ ಗಲ್ಲಕ್ಕೆ, ಗದ್ದಕ್ಕೆ ಇಳಿದಿದ್ದವು. ಈಗ ಕೆಲವು ಕೀವು ತುಂಬಿ ನೋಯುತ್ತಿದ್ದವು. ಅವಳು ಅವನ್ನು ಉಗುರಿನಿಂದ ಹಿಸುಕುತ್ತಿದ್ದಳು. ಹಿಸುಕಿದಲ್ಲೆಲ್ಲ ಕಪ್ಪು ಕಲೆ ಉಳಿಯುತ್ತಿತ್ತು. ಕಾಲೇಜಿನ ಹುಡುಗರು ಅವಳಿಗೆ ‘ಕಡ್ಡಿಕಾಯಿ’ ಎಂದು ಹೆಸರಿಟ್ಟಿದ್ದರು. ಸುಕ್ಕುಗಟ್ಟಿದ ಕೆಂಪು ಮೆಣಸಿನಕಾಯಿಗೆ ಆ ಊರಲ್ಲಿ ಇರುವ ಹೆಸರು ಅದು.

ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕಾರಣ ಗೊತ್ತಿತ್ತು. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಕಲ್ಲೇಶನ ಪ್ರಕಾರ ಅದು ಮೆಣಸಿನ ಘಾಟು. ಅಲ್ಲೇ ಹತ್ತಿರ ಕೂಲಿಗೆ ಕಾಯಿಯ ತೊಟ್ಟು ಬಿಡಿಸಲು ಹೋಗುವ ತಾಯಿ ಮೀನಾಕ್ಷಿಯ ಪ್ರಕಾರ ನಿದ್ದೆಗೆಟ್ಟು ಮೊಬೈಲ್ ನೋಡುವುದು. ಭರಮವ್ವನ ಪ್ರಕಾರ ಉಷ್ಣ. ಅವಳು ಮೊಮ್ಮಗಳ ತಾಟಿನಿಂದ ಶೇಂಗಾ ಚಟ್ನಿ ತೆಗೆದಳು, ಮಿರ್ಚಿ ತೆಗೆದಳು, ಬೇವಿನೆಲೆ ಅರೆದು ಮುಖಕ್ಕೆ ಮೆತ್ತಿದಳು. ಅದಕ್ಕೂ ಬಗ್ಗದಿದ್ದಾಗ ಲಿಂಬೆಹಣ್ಣಿನ ಹೋಳನ್ನು ಉಪ್ಪಿನಲ್ಲಿ ಅದ್ದಿ ತಿಕ್ಕತೊಡಗಿದಳು.

"ಉರಿತೈತಿ, ಆಯಿ!"

"ಉರೀಲಿ. ಉರಿದ್ರ ಹೊಲಸು ಹೋಗಾಕತ್ತೈತಿ ಅಂತ ತಿಳಕೋ."

"ತೊಗಲು ಸುಲದೈತಿ ನೋಡ್ರಿ ಅತ್ತಿ. ಬಿಡ್ರಿ ಅಕೀನ್ನ," ಅಂದಳು ಮೀನಾಕ್ಷಿ.

"ನಿನಗೇನ ಗೊತ್ತೈತಿ? ಇಂಥಾ ಮಾರಿ ಇಟ್ಕೊಂಡು ನಾಳೆ..."

"ನಾಳೆ ಏನು? ಹೇಳ್ರಿ."

ಭರಮವ್ವ ಇನ್ನೊಂದು ಹೋಳು ಕೈಗೆ ತೆಗೆದುಕೊಂಡಳು.

ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿ ತಂದವಳು ಪುಷ್ಪಾವತಿ, ಕಲ್ಲೇಶನ ತಂಗಿ. ಗಂಡ ಬಿಟ್ಟುಹೋದ ಮೇಲೆ ಅವಳು ರಾಣೆಬೆನ್ನೂರಿನಲ್ಲಿ ಒಂದು ಖೋಲಿ ಹಿಡಿದು ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಅವಳಿಗೆ ಆ ಕೆಲಸ ಕಲಿಸಿ, ಕುರ್ಚಿ ಕನ್ನಡಿ ಕೊಡಿಸಿದವನು ಅಣ್ಣನೇ. ಭಾನುವಾರ ಅವಳು ತವರಿಗೆ ಬಂದಾಗ ಕೋಳಿ ಸಾರು ಮಾಡಿದ್ದರು. ಶೀಲಾಳ ಮುಂದೆ ಮಾತ್ರ ಬೇಳೆ ಸಾರು.

"ಯಾಕಬೇ, ಕೂಸಿಗೆ ಯಾಕ ಕೋಳಿ ಇಲ್ಲ?"

"ಉಷ್ಣ ಆಗತೈತಿ," ಅಂದಳು ಭರಮವ್ವ.

ಪುಷ್ಪಾವತಿ ಶೀಲಾಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಳು. ಆಮೇಲೆ ಚೀಲದಿಂದ ಬಿಳಿ ಪ್ಲಾಸ್ಟಿಕ್ಕಿನ ಸಣ್ಣ ಡಬ್ಬಿ ತೆಗೆದಳು. ಅದರ ಮೇಲೆ ಹೆಸರಿಲ್ಲ, ತಾರೀಖಿಲ್ಲ. ಮುಚ್ಚಳ ತೆಗೆದರೆ ಗುಲಾಬಿಯ ವಾಸನೆ ಬರುತ್ತಿತ್ತು.

"ರುದ್ರಮುನಿ ಅಂತ ಒಬ್ಬರು ತಂದು ಕೊಡ್ತಾರ. ಬೇರು, ಎಲಿ, ಗಂಧ ಅಷ್ಟ. ಪೂರಾ ನ್ಯಾಚುರಲ್. ಕೆಮಿಕಲ್ ಒಂದ್ ಹನಿ ಇಲ್ಲ."

"ಡಬ್ಬಿ ಮ್ಯಾಲೆ ಏನೂ ಬರದಿಲ್ಲಲ್ಲ ಪುಷ್ಪಾ?" ಅಂದಳು ಮೀನಾಕ್ಷಿ.

"ಕೈಲೆ ಮಾಡಿದ್ದಕ್ಕ ಯಾರ ಹೆಸರು ಬರೀತಾರ ವೈನಿ? ನೀವು ಉಪ್ಪಿನಕಾಯಿ ಭರಣಿ ಮ್ಯಾಲೆ ಬರೀತೀರೇನು?"

ಎಲ್ಲರೂ ನಕ್ಕರು. ಶೀಲಾ ಆ ಸಂಜೆಯೇ ಹಚ್ಚಿಕೊಂಡಳು.

ವಾರದೊಳಗೆ ಕೆಂಪು ಇಳಿಯಿತು. ಮುಂದಿನ ವಾರ ಮೊಡವೆಗಳು ಒಣಗಿ, ಮುಖ ಎಣ್ಣೆ ಸವರಿದ ಹಾಗೆ ಹೊಳೆಯಿತು. ಅವಳು ತಾಟು ತೆಗೆದುಕೊಂಡು ಒಳಗೆ ಬಂದು ಅಪ್ಪನ ಎದುರಿಗೇ ಕುಳಿತಳು. ಶೇಂಗಾ ಚಟ್ನಿಯನ್ನು ತಾನೇ ಬಡಿಸಿಕೊಂಡಳು, ಯಾರೂ ಬೇಡ ಅನ್ನಲಿಲ್ಲ. ಪುಷ್ಪಾವತಿ ಮತ್ತೆ ಬಂದು ಇನ್ನೊಂದು ಫೋಟೋ ಹೊಡೆದು, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ವಾಟ್ಸಪ್ಪಿಗೆ ಹಾಕಿದಳು. ಕಲ್ಲೇಶ ಅದನ್ನು ಮಾರುಕಟ್ಟೆಯಲ್ಲಿ ತೋರಿಸುತ್ತ ತಿರುಗಿದ.

ತೋರಿಸಿದವರಲ್ಲಿ ಬುಡನಸಾಬನೂ ಇದ್ದ. ಅವನೂ ಹಮಾಲ, ಕಲ್ಲೇಶನ ಜೊತೆಗೇ ಚೀಲ ಹೊರುವವನು, ಪಕ್ಕದ ಓಣಿಯವನು. ಅವನ ಮಗಳು ಮುಬೀನಾ ಹತ್ತೊಂಬತ್ತರ ಹುಡುಗಿ, ಮೀನಾಕ್ಷಿಯ ಪಕ್ಕದಲ್ಲೇ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ರಾಣೆಬೆನ್ನೂರಿನ ಹುಡುಗನ ಜೊತೆ ಅವಳ ನಿಕಾಹ್ ಗೊತ್ತಾಗಿತ್ತು. ಅವಳ ಹಣೆಯ ತುಂಬ ಮೊಡವೆ.

"ಏನ ಹಚ್ಚಿದಿ ಶೀಲಾ? ಖರೇ ಹೇಳು," ಅಂದಳು ಮುಬೀನಾ.

ಶೀಲಾ ಖುಷಿಯಲ್ಲಿದ್ದಳು. ತನ್ನ ಡಬ್ಬಿಯ ಅರ್ಧವನ್ನು ಬೇರೆ ಡಬ್ಬಿಗೆ ತೋಡಿ ಅವಳಿಗೆ ಕೊಟ್ಟಳು. ಅದು ಮುಗಿದ ಮೇಲೆ ಮುಬೀನಾ ಪುಷ್ಪಾವತಿಯಿಂದಲೇ ತರಿಸಿಕೊಂಡಳು.

ಹೊಸ ಕಾಯಿ ಬರುವ ಕಾಲ, ಜನವರಿ. ಮಾರುಕಟ್ಟೆಯ ಸುತ್ತ ಗಾಳಿಯಲ್ಲೇ ಕೆಮ್ಮು. ಶೀಲಾಳ ಡಬ್ಬಿ ಮುಗಿಯಿತು. ಪುಷ್ಪಾವತಿಗೂ ಹೊಸ ಮಾಲು ಬರಲಿಲ್ಲ. ಮೂರು ದಿನ ಬಿಟ್ಟಿದ್ದಕ್ಕೆ ಮುಖ ಬಾತುಕೊಂಡಿತು. ಮೊದಲಿದ್ದ ಜಾಗದಲ್ಲಷ್ಟೇ ಅಲ್ಲ, ಕಣ್ಣಿನ ಕೆಳಗೆ, ಬಾಯಿಯ ಸುತ್ತ ಸಹ ಗುಳ್ಳೆಗಳೆದ್ದವು. ಬಿಸಿಲಿಗೆ ನಿಂತರೆ ಕಾದ ಹೆಂಚು ಇಟ್ಟ ಹಾಗೆ ಉರಿ.

ಮೀನಾಕ್ಷಿ ನಾದಿನಿಗೆ ಫೋನ್ ಮಾಡಿದಳು.

"ಒಳಗಿನ ಹೊಲಸು ಹೊರಗ ಬರಾಕತ್ತೈತಿ ವೈನಿ. ಅಂಜಬ್ಯಾಡ್ರಿ. ಮಾಲು ಬಂದೈತಿ, ಎರಡು ಡಬ್ಬಿ ಕಳಸ್ತೀನಿ. ದಿನಾ ಎರಡು ಸರ್ತಿ ಹಚ್ಚಲಿ."

ಡಬ್ಬಿಗಳು ಬಂದವು. ಮೀನಾಕ್ಷಿ ಅವನ್ನು ಮಗಳ ಕೈಗೆ ಕೊಡಲಿಲ್ಲ. ಒಂದು ದಿನದ ಕೂಲಿ ಬಿಟ್ಟು, ಗಂಡನಿಗೆ ರೇಷನ್ ಕಾರ್ಡಿನ ಕೆಲಸ ಎಂದು ಹೇಳಿ, ಮಗಳನ್ನು ಹಾವೇರಿಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಶೀಲಾ ಓಢಣಿಯನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಮ್ಮ ಓಢಣಿ ಸರಿಸಿ ನೋಡಿ, ಡಬ್ಬಿಯನ್ನು ಮೂಸಿದರು.

"ಯಾರು ಕೊಟ್ಟದ್ದು ಇದು?"

"ನ್ಯಾಚುರಲ್ ಅಂತ ಹೇಳಿ ಕೊಟ್ಟಾರ್ರಿ."

"ಹೆಸರಿಲ್ಲ, ಏನ ಹಾಕ್ಯಾರ ಅಂತ ಬರದಿಲ್ಲ. ಇದರಾಗ ಸ್ಟೆರಾಯ್ಡ್ ಬೆರೆಸಿರಬೇಕು. ತೊಗಲು ಎಷ್ಟು ತೆಳು ಆಗೈತಿ ನೋಡ್ರಿ, ಒಳಗಿನ ನರ ಕಾಣಾಕತ್ತಾವ. ಹಚ್ಚಿದಾಗ ಕೆಂಪು ಇಳೀತೈತಿ. ಬಿಟ್ಟ ಕೂಡ್ಲೇ ದುಪ್ಪಟ್ಟು ಏಳತಾವ. ಮತ್ತ ಹಚ್ಚತಾರ. ಹಂಗ ಬಿಡಲಾರದ ಹಂಗ ಆಗತೈತಿ."

"ಮೊದ್ಲು ಗುಳ್ಳಿ ಯಾಕ ಬಂದುವ್ರಿ?" ಶೀಲಾ ಮೊದಲ ಸಲ ಬಾಯಿ ತೆರೆದಳು. "ನಾ ದಿನಾ ಸಾಬಾನ್ ಹಚ್ಚಿ ತಿಕ್ಕತಿದ್ದೆ."

"ಹೊಲಸಿದ್ದದ್ದಕ್ಕ ಬಂದದ್ದಲ್ಲವಾ. ಈ ವಯಸ್ಸಿಗೆ ತೊಗಲಿನಾಗ ಎಣ್ಣಿ ಹೆಚ್ಚಾಗತೈತಿ, ಸಣ್ಣ ತೂತು ಕಟ್ಟಿಕೋತಾವ. ನಿನ್ನ ತಪ್ಪಲ್ಲ. ತಿಕ್ಕಿದಷ್ಟು ಕೆಡತೈತಿ. ಮುಂಜಾನೆ ಸಂಜಿಕ ಸಾದಾ ನೀರಿಲೆ ತೊಳಕೊ, ಹಿಸುಕಬ್ಯಾಡ, ಬಿಸಲಾಗ ಮಾರಿ ಮುಚ್ಚಿಕೋ. ನಾ ಕೊಡೂ ಮುಲಾಮು ಅಷ್ಟ ಹಚ್ಚು."

"ನಮ್ಮತ್ತಿ ಲಿಂಬಿಹಣ್ಣು ಹಚ್ಚತಾರ್ರಿ," ಅಂದಳು ಮೀನಾಕ್ಷಿ.

"ಲಿಂಬಿಹಣ್ಣು, ಉಪ್ಪು, ಸೋಡಾ ಮಾರಿ ಹತ್ತಿರ ತರಬ್ಯಾಡ್ರಿ. ಮನಿ ಔಷಧಿ ಬ್ಯಾಡೇ ಬ್ಯಾಡ ಅನ್ನೂದಿಲ್ಲ. ಉರಿ ಇಳಿದ ಮ್ಯಾಲೆ ಲೋಳೆಸರ ಹಚ್ಚಬಹುದು, ಮೊದ್ಲು ಕೈಗೆ ಹಚ್ಚಿ ನೋಡಿ."

"ಎಷ್ಟ ದಿನಕ್ಕ ಆರಾಮ ಆಗತೈತ್ರಿ?"

ಡಾಕ್ಟರಮ್ಮ ಹೇಳಿದರು: "ದಿನ ಅಲ್ಲ, ತಿಂಗಳುಗಟ್ಟಲೆ. ಮೊದಲಿನ ಎರಡು ತಿಂಗಳು ಈಗಿನಕಿಂತ ಕೆಟ್ಟ ಕಾಣತೈತಿ. ಕೆಲವು ಕಪ್ಪು ಕಲಿ ಉಳೀತಾವ."

ಆ ರಾತ್ರಿ ಊಟಕ್ಕೆ ಕುಳಿತಾಗ ಮೀನಾಕ್ಷಿ ಎಲ್ಲವನ್ನೂ ಹೇಳಿದಳು. ಕಲ್ಲೇಶ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಒಗೆದ.

"ನಮ್ಮ ತಂಗಿ ನಮ್ಮ ಕೂಸಿಗೆ ವಿಷ ಕೊಟ್ಟಾಳ ಅಂತೀಯೇನು?"

"ನಾ ಅಂದಿಲ್ಲ, ಡಾಕ್ಟರ್ ಅಂದಾರ."

"ಡಾಕ್ಟರ್ ಮಂದಿಗೆ ಗಿಡಮೂಲಿಕಿ ಕಂಡ್ರ ಆಗೂದಿಲ್ಲ. ಸುಳ್ಳ ಹೇಳಿ ಹಾವೇರಿಗೆ ಹೋಗೀದಿ, ಈಗ ತಪ್ಪು ನನ್ನ ತಂಗೀ ಮ್ಯಾಲೆ ಹೊರಸಾಕತ್ತೀದಿ."

"ಮಾರಿ ನೋಡ್ರಿ ಅಕೀದು! ದೀಪ ಹಿಡದು ನೋಡ್ರಿ!"

"ಅವ್ವ, ನೀ ಹೇಳು," ಅಂದ ಕಲ್ಲೇಶ.

ಭರಮವ್ವ ಮಗನನ್ನೂ ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. "ಪುಷ್ಪಾ ಬೇಕಂತ ಮಾಡಿಲ್ಲ," ಅಂದಳು. ಆಮೇಲೆ ಶೀಲಾಳ ತಾಟನ್ನು ಹತ್ತಿರ ಸರಿಸಿ, "ಕೂಸು ಉಂಡಿಲ್ಲ. ಮೊದ್ಲು ಉಣ್ಲಿ," ಅಂದಳು.

ಮರುದಿನವೇ ಶೀಲಾ ಬುಡನಸಾಬನ ಮನೆಗೆ ಹೋದಳು. ತಾಯಿ ತಡೆದಿದ್ದಳು: "ಈಗ ಬ್ಯಾಡ. ಮದವಿ ಮನಿ, ಜಗಳ ಆಗತೈತಿ." ಆದರೂ ಹೋದಳು. ಮುಬೀನಾ ಹೊಸ ಬಳೆಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡಿದ್ದಳು. ಅವಳ ಹಣೆ ನುಣುಪಾಗಿತ್ತು. ಶೀಲಾ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿ, ಓಢಣಿ ತೆಗೆದು ತನ್ನ ಮುಖ ತೋರಿಸಿದಳು.

ಮುಬೀನಾ ಬಹಳ ಹೊತ್ತು ನೋಡಿದಳು. "ಈಗ ಬಿಟ್ರ ನಂದೂ ಹಿಂಗ ಆಗತೈತೇನು?"

"ಆಗತೈತಿ, ಮುಬೀನಕ್ಕ. ಹೆಚ್ಚು ದಿನ ಹಚ್ಚಿದಷ್ಟು ಹೆಚ್ಚು ಆಗತೈತಂತ."

"ಇನ್ನ ಮೂರು ವಾರಕ್ಕ ನಿಕಾಹ್ ಐತಿ. ಇಂಥಾ ಮಾರಿ ಇಟ್ಕೊಂಡು ಕುಂದರ್ಲೇನು? ಮುಗೀಲಿ. ಮುಗಿದ ಕೂಡ್ಲೇ ಬಿಡ್ತೀನಿ."

ರಂಜಾನಿಗೆ ಮೊದಲು ನಿಕಾಹ್ ಆಯಿತು. ಮುಬೀನಾಳನ್ನು ಸಿಂಗರಿಸಿದವಳು ಪುಷ್ಪಾವತಿ. ಮದುಮಗಳು ಬೆಳ್ಳಗೆ ಹೊಳೆಯುತ್ತಿದ್ದಳು, ಬಂದವರೆಲ್ಲ ಅದನ್ನೇ ಮಾತಾಡಿದರು. ಊಟದ ಸಾಲಿನಲ್ಲಿ ಕುಳಿತ ಒಬ್ಬ ಹೆಂಗಸು ಶೀಲಾಳನ್ನು ನೋಡಿ ಮೀನಾಕ್ಷಿಗೆ ಹೇಳಿದಳು: "ಮದುಮಗಳು ಏನೋ ಹಚ್ಚತಾಳಂತಲ್ಲ, ಅದನ್ನ ನಿಮ್ಮ ಹುಡುಗಿಗೂ ಹಚ್ಚಬಾರದೇನವಾ?"

ಶೀಲಾ ಅನ್ನ ಬಿಟ್ಟು ಎದ್ದುಹೋದಳು. ಮನೆಗೆ ಬಂದ ಮೇಲೆ ಕಲ್ಲೇಶ ಅಂದ: "ಮುಬೀನಾಗೇನಾತು? ಚಂದ ಅದಾಳ. ನಿಮಗ ಅಷ್ಟ ವಿಷ ಆತೇನು?" ಅಂದಿನಿಂದ ಗಂಡ ಹೆಂಡತಿ ರೊಟ್ಟಿ, ನೀರು, ಕೂಲಿ ಇಷ್ಟನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಡಾಕ್ಟರಮ್ಮ ಹೇಳಿದ ಹಾಗೆಯೇ ಆಯಿತು. ಶೀಲಾಳ ಮುಖ ಫೆಬ್ರುವರಿಯಲ್ಲಿ ಇನ್ನೂ ಕೆಟ್ಟಿತು. ಬೆಳಗ್ಗೆ ಏಳುವಾಗ ದಿಂಬಿಗೆ ಕೀವು ಅಂಟಿರುತ್ತಿತ್ತು. ಭರಮವ್ವ ದಿನಾ ಒಗೆದ ಹಳೆಯ ಧೋತರದ ತುಂಡನ್ನು ದಿಂಬಿಗೆ ಹಾಸತೊಡಗಿದಳು. ಲಿಂಬೆಹಣ್ಣು ಈಗ ಚಿತ್ರಾನ್ನಕ್ಕಷ್ಟೇ. ಒಂದು ಸಂಜೆ ಅವಳು ಹಿತ್ತಲಿಂದ ಲೋಳೆಸರದ ತುಂಡು ತಂದು ಮೊದಲು ತನ್ನ ಮೊಣಕೈಗೆ, ಆಮೇಲೆ ಮೊಮ್ಮಗಳ ಮೊಣಕೈಗೆ ಹಚ್ಚಿ, ಮರುದಿನದವರೆಗೆ ಕಾಯ್ದಳು.

"ಉರೀತೈತೇನು?"

"ಇಲ್ಲ ಆಯಿ."

"ಮೊದ್ಲ ಉರಿದಾಗ ನಾ ಕೇಳಬೇಕಾಗಿತ್ತು," ಅಂದಳು ಭರಮವ್ವ.

ಕಾಲೇಜಿಗೆ ಶೀಲಾ ಹೋಗುತ್ತಿರಲಿಲ್ಲ. ಒಂದು ದಿನ ಕಲ್ಲೇಶ ಗದರಿ ಕಳಿಸಿದ. ಮಧ್ಯಾಹ್ನಕ್ಕೇ ತಿರುಗಿ ಬಂದಳು. ಪುಷ್ಪಾವತಿ ಹಾಕಿದ ಜೋಡಿ ಫೋಟೋ ಎಲ್ಲರ ಮೊಬೈಲಿನಲ್ಲಿ ಇತ್ತು. ಒಬ್ಬ ಹುಡುಗ ಅದಕ್ಕೆ ಮೂರನೆಯ ಫೋಟೋ ಸೇರಿಸಿದ್ದ, ಅವತ್ತು ಬೆಳಗ್ಗೆ ಕದ್ದು ಹೊಡೆದದ್ದು. ಶೀಲಾ ಅದನ್ನು ಅಪ್ಪನ ಮುಂದೆ ಹಿಡಿದಳು, ಅಳಲಿಲ್ಲ.

"ಇದನ್ನ ತಗಸಪ್ಪ. ಅಷ್ಟ ಸಾಕು. ಕಾಲೇಜಿಗೆ ಬೇಕಾದ್ರ ಹೋಗ್ತೀನಿ."

ಕಲ್ಲೇಶ ಮರುದಿನ ರಾಣೆಬೆನ್ನೂರಿಗೆ ಹೋದ. ಪಾರ್ಲರಿನ ಬಾಗಿಲ ಮೇಲೆ ಆಳೆತ್ತರದ ಫ್ಲೆಕ್ಸ್ ಇತ್ತು. ಒಂದು ಬದಿಗೆ ಮೊಡವೆಯ ಶೀಲಾ, ಇನ್ನೊಂದು ಬದಿಗೆ ನುಣುಪು ಮುಖದ ಶೀಲಾ. ಕೆಳಗೆ ‘ಶುದ್ಧ ನೈಸರ್ಗಿಕ’ ಎಂದು ದಪ್ಪ ಅಕ್ಷರ. ಒಬ್ಬ ತಾಯಿ ತನ್ನ ಮಗಳಿಗೆ ಅದನ್ನೇ ಬೆರಳು ಮಾಡಿ ತೋರಿಸುತ್ತಿದ್ದಳು. ಮಗಳಿಗೆ ಹನ್ನೆರಡಕ್ಕಿಂತ ಹೆಚ್ಚಿರಲಿಲ್ಲ.

ಕಲ್ಲೇಶ ಫ್ಲೆಕ್ಸಿನ ಹಗ್ಗ ಹರಿದು ಕೆಳಗೆಳೆದ. ತಾಯಿ ಮಗಳು ಹೆದರಿ ಹೊರಟುಹೋದರು.

"ಅಣ್ಣಾ! ಏನ ಮಾಡಾಕತ್ತೀದಿ?"

"ಈ ಡಬ್ಬಿ ಮಾರೂದ ಬಿಡು ಪುಷ್ಪಾ. ಕೂಸಿನ ಮಾರಿ ಸುಟ್ಟೈತಿ."

"ವಿಷ ಅಂತ ಗೊತ್ತಿದ್ರ ನಾ ಹಚ್ಕೋತಿದ್ನೇನು? ನೋಡು!" ಅವಳು ಒದ್ದೆ ಹತ್ತಿಯಿಂದ ಗಲ್ಲದ ಪೌಡರ್ ಒರೆಸಿದಳು. ಕೆಳಗೆ ತೊಗಲು ಕೆಂಪಗೆ, ಕಾಗದದಷ್ಟು ತೆಳ್ಳಗೆ ಇತ್ತು. ಸಣ್ಣ ಸಣ್ಣ ನರಗಳು ಜೇಡನ ಬಲೆಯ ಹಾಗೆ ಹರಡಿದ್ದವು.

ಕಲ್ಲೇಶ ಕುರ್ಚಿಯ ಮೇಲೆ ಕುಳಿತ. "ಬಿಟ್ಟು ನೋಡೀದಿಯೇನು?"

"ಒಮ್ಮೆ ಬಿಟ್ಟಿದ್ದೆ. ನಾಲ್ಕು ದಿನ ಅಂಗಡಿ ಬಾಗಿಲಾ ತಗೀಲಿಲ್ಲ. ಗುಳ್ಳಿ ಮಾರಿ ಇಟ್ಕೊಂಡು ಪಾರ್ಲರ್ ನಡಸ್ತೀನಿ ಅಂದ್ರ ಯಾರ ಬರ್ತಾರ? ಹುಬ್ಬು ತಿದ್ದಿದ್ರ ಬಾಡಿಗಿ ಹುಟ್ಟೂದಿಲ್ಲ ಅಣ್ಣ. ಈ ಡಬ್ಬಿಲೇ ಹುಟ್ಟೂದು."

"ನಮ್ಮ ಮನಿಗೆ ಬಾ. ನಾ ಹಾಕ್ತೀನಿ ಕೂಳು."

"ವೈನಿ ಕೈಯಾಗ ಉಣ್ಣಾಕ? ಇನ್ನ ಅದೊಂದು ಬಾಕಿ ಐತೇನು?" ಅವಳು ಫ್ಲೆಕ್ಸನ್ನು ಮಡಚಿ ಅಣ್ಣನ ಕೈಗೆ ಇಟ್ಟಳು. "ತಗೊಂಡ್ ಹೋಗು ನಿನ್ನ ಮಗಳನ್ನ. ನನ್ನ ಹತ್ರ ಬ್ಯಾರೆ ಫೋಟೋ ಅದಾವ."

ಮುಂದಿನ ವಾರ ಆ ಬಾಗಿಲ ಮೇಲೆ ಮದುಮಗಳ ಉಡುಪಿನ ಮುಬೀನಾ ಬಂದಳು. ಬುಡನಸಾಬನಿಗೆ ಸುದ್ದಿ ಮುಟ್ಟಿದಾಗ ಅವನು ಮಾರುಕಟ್ಟೆಯಲ್ಲಿ ಕಲ್ಲೇಶನ ಮುಂದೆ ಹೊತ್ತ ಚೀಲವನ್ನು ಇಳಿಸಿ ನಿಂತ.

"ನನ್ನ ಮಗಳನ್ನ ಬಜಾರದಾಗ ತೂಗು ಹಾಕ್ಯಾಳಲ್ಲೋ ನಿನ್ನ ತಂಗಿ. ನಾ ಏನ ಮಾಡಿದ್ದೆ ನಿನಗ?"

ಇಬ್ಬರೂ ಅವತ್ತಿನಿಂದ ಬೇರೆ ಬೇರೆ ಜೋಡಿಯ ಜೊತೆ ಚೀಲ ಎತ್ತಿದರು. ಪುಷ್ಪಾವತಿ ಆಮೇಲೆ ತವರಿಗೆ ಬರಲಿಲ್ಲ. ಯುಗಾದಿಗೆ ಭರಮವ್ವ ಹೋಳಿಗೆ ಕಟ್ಟಿಟ್ಟು ಮಗನ ಮುಖ ನೋಡಿದಳು. ಕೊಟ್ಟು ಬರುತ್ತೇನೆಂದು ಯಾರೂ ಅನ್ನಲಿಲ್ಲ.

ಏಪ್ರಿಲಿನ ಬಿಸಿಲಿಗೆ ಮುಬೀನಾ ತವರಿಗೆ ಬಂದಳು. ಗಂಡನ ಮನೆಯಲ್ಲಿ ಒಲೆಯ ಮುಂದೆ ನಿಲ್ಲಲಾಗುತ್ತಿರಲಿಲ್ಲ, ಮುಖ ಉರಿದು ನೀರು ಸುರಿಯುತ್ತಿತ್ತು. ಅವಳು ಡಬ್ಬಿ ಬಿಟ್ಟಿರಲಿಲ್ಲ. ಬಂದ ಮೂರನೆಯ ದಿನ ಶೀಲಾಳನ್ನು ಕರೆಸಿದಳು. ಶೀಲಾಳ ಮುಖದಲ್ಲಿ ಹೊಸ ಗುಳ್ಳೆ ಅಷ್ಟಾಗಿ ಇರಲಿಲ್ಲ. ಗಲ್ಲದ ತುಂಬ ಕುಳಿ, ಕಪ್ಪು ಕಲೆ ಉಳಿದಿದ್ದವು.

"ನನ್ನನ್ನೂ ಆ ಡಾಕ್ಟರ್ ಹತ್ರ ಕರಕೊಂಡ್ ಹೋಗು," ಅಂದಳು ಮುಬೀನಾ.

ಮೀನಾಕ್ಷಿ ಇಬ್ಬರನ್ನೂ ಹಾವೇರಿಗೆ ಕರೆದುಕೊಂಡು ಹೋದಳು. ಮುಬೀನಾ ಡಬ್ಬಿ ಬಿಟ್ಟಳು. ಶೀಲಾಳಿಗೆ ಆದದ್ದೆಲ್ಲ ಅವಳಿಗೂ ಆಯಿತು, ಇನ್ನೂ ಜೋರಾಗಿ. ಶೀಲಾ ದಿನಾ ಸಂಜೆ ಹೋಗುತ್ತಿದ್ದಳು. ಮುಬೀನಾ ಕೈ ಮುಖಕ್ಕೆ ಒಯ್ದಾಗ ಹಿಡಿದುಕೊಳ್ಳುತ್ತಿದ್ದಳು. "ಇದು ಮೂರನೇ ವಾರ, ನಂದೂ ಹಿಂಗ ಇತ್ತು," ಅನ್ನುತ್ತಿದ್ದಳು. ಮುಬೀನಾಳ ಗಂಡ ಮೊದಮೊದಲು ದಿನಾ ಫೋನ್ ಮಾಡುತ್ತಿದ್ದ, ಆಮೇಲೆ ಎರಡು ದಿನಕ್ಕೊಮ್ಮೆ. ಒಂದು ಸಲ ವಿಡಿಯೋ ಕರೆ ಮಾಡಿದ. ಅವಳು ಎತ್ತಲಿಲ್ಲ.

ಮೇ ಕೊನೆಯಲ್ಲಿ ಮುಬೀನಾಳ ಅತ್ತೆಯ ಫೋನ್ ಬಂತು, ಬುಡನಸಾಬನಿಗೆ. ಶುಕ್ರವಾರ ಸೊಸೆಯನ್ನು ಕರೆದೊಯ್ಯಲು ಬರುತ್ತೇವೆ. ಇನ್ನೂ ಏನಾದರೂ ಕಾಯಿಲೆ ಇದ್ದರೆ ಈಗಲೇ ಹೇಳಿಬಿಡಿ, ನಮಗೂ ನಾಲ್ಕು ಮಂದಿಯ ಜೊತೆ ಕೂತು ಮಾತಾಡಬೇಕಾಗುತ್ತದೆ ಅಂದಳು.

"ಖರೇ ಹೇಳೂಣ ಕಾಕಾ," ಅಂದಳು ಶೀಲಾ. "ಇನ್ನೊಂದು ತಿಂಗಳು ಸಾಕು."

ಬುಡನಸಾಬ ಮಗಳ ಕಡೆಗೆ ನೋಡಿದ. "ನೀ ಹೇಳಿದಂಗ ಮಾಡ್ತೀನಿ ಬೇಟಾ. ಇಲ್ಲೇ ಇರ್ತೀನಿ ಅಂದ್ರ ಇರು."

ಮುಬೀನಾ ಅಪ್ಪನ ಕಾಲನ್ನು ನೋಡುತ್ತಿದ್ದಳು. ಚೀಲ ಹೊತ್ತು ಹೊತ್ತು ಅವನ ಮೊಣಕಾಲು ಬಾಗಿದ್ದವು. ಅವಳ ಹಿಂದೆ ಮದುವೆಯಾಗಬೇಕಾದ ಇನ್ನೂ ಇಬ್ಬರು ತಂಗಿಯರಿದ್ದರು.

ಶುಕ್ರವಾರ ಮಧ್ಯಾಹ್ನ ಶೀಲಾ ಓಣಿಯ ತಿರುವಿಗೆ ಬಂದಾಗ ಕಾರು ನಿಂತಿತ್ತು. ಮುಬೀನಾ ಹೊರಗೆ ಬಂದಳು, ಅತ್ತೆ ಅವಳ ಕೈ ಹಿಡಿದಿದ್ದಳು. ಮುಬೀನಾಳ ಮುಖ ಮತ್ತೆ ನುಣುಪಾಗಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಹಾದುಹೋಗುವಾಗ ಅದೇ ಗುಲಾಬಿಯ ವಾಸನೆ ಬಂತು. ಅವಳು ಶೀಲಾಳನ್ನು ಕಂಡಳು, ಕಣ್ಣು ಕೆಳಗೆ ಮಾಡಿದಳು, ಕಾರಿನೊಳಗೆ ಕುಳಿತಳು.

ಮನೆಯಲ್ಲಿ ಭರಮವ್ವ ರೊಟ್ಟಿ ತಟ್ಟುತ್ತಿದ್ದಳು.

"ಹೋದಳೇನು ಮುಬೀನಾ?"

"ಹೋದ್ಲು."

"ಹೆಂಗ ಕಾಣತಿದ್ಲಬೇ?"

ಶೀಲಾ ತಾಟು ತೆಗೆದುಕೊಂಡು ಅಜ್ಜಿಯ ಪಕ್ಕದಲ್ಲಿ ಕುಳಿತಳು.

"ಭಾಳ ಚಂದ ಕಾಣತಿದ್ಲು, ಆಯಿ," ಅಂದಳು.